ಅಜ್ಜಿಯ ಗಂಟು, ಕಂಪನಿಯ ನಿಯಮ

ಎಂಬತ್ತರ ದಶಕದಲ್ಲಿ ನಾನು ದೊಡ್ಡ ಕಂಪ್ಯೂಟರ್ ಕಂಪನಿಯೊಂದರ ರಿಪೇರಿಯವ. ಟೈ, ಸೂಟ್‌ಕೇಸು, ಫಸ್ಟ್ ಕ್ಲಾಸ್ ರೈಲು ಎಲ್ಲ ಕಂಪನಿಯದೇ. ಹೊರಗಿನವರು ಮಷೀನು ಮುಟ್ಟಬಾರದೆಂಬ ನಿಯಮವೂ ಕಂಪನಿಯದೇ.

ಬೆಟಗೇರಿಯ ನೇಕಾರರ ಸೊಸೈಟಿಯಲ್ಲಿ ಪ್ರಿಂಟರಿನೊಳಗೆ ಅಚ್ಚಿನ ತಲೆಯನ್ನು ಅತ್ತಿತ್ತ ಎಳೆಯುವ ದಾರ ಹರಿದಿತ್ತು. "ಹೊಸಾದು ಮುಂಬೈಯಿಂದ ಬರಬೇಕ್ರಿ, ತಿಂಗಳು ಹಿಡಿತೈತಿ" ಎಂದೆ.

ಸೀರೆ ಕೊಡಲು ಬಂದಿದ್ದ ನೇಕಾರ ಅಜ್ಜಿಯೊಬ್ಬಳು ಬಗ್ಗಿ ನೋಡಿದಳು. "ಇಷ್ಟಕ್ಕ ಮುಂಬೈ ಯಾಕೋ ತಮ್ಮಾ? ಸ್ವಲ್ಪ ಅತ್ಲಾಗ ಸರಿ, ನಾ ನೋಡ್ತೀನಿ."

ನಾನು ನಿಯಮ ಹೇಳಿ ಮುಗಿಸುವಷ್ಟರಲ್ಲಿ, ಮಗ್ಗದ ಎಳೆಗೆ ಹಾಕುವಂಥ ಸಣ್ಣ ಗಂಟು ಹಾಕಿಯೇಬಿಟ್ಟಳು. ಪ್ರಿಂಟರು ಕರಕರ ಓಡಿತು.

ನಿಯಮಕ್ಕೆ ಹೆದರಿ ವರದಿಯಲ್ಲಿ "ನಾನೇ ಗಂಟು ಹಾಕಿ ಸರಿಮಾಡಿದೆ" ಎಂದು ಬರೆದೆ. ಕಂಪನಿಗೆ ಖುಷಿಯೋ ಖುಷಿ. ಆ ಗಂಟನ್ನು ಎಲ್ಲರಿಗೂ ಕಲಿಸಲು ಮುಂಬೈಗೆ ಬಾ ಎಂದಿತು.

ಬೆಟಗೇರಿಗೆ ಓಡಿ, ಗಂಟು ಕಲಿಸೆಂದು ಅಜ್ಜಿಯ ಮಗ್ಗದ ಮುಂದೆ ಕೈಮುಗಿದು ನಿಂತೆ.

"ನಮ್ಮ ಮನ್ಯಾಗೂ ನಿಯಮ ಐತಿ ತಮ್ಮಾ" ಎಂದಳು. "ಹೊರಗಿನವ್ರು ಮಗ್ಗ ಮುಟ್ಟಂಗಿಲ್ಲ."