ಷಡ್ಡಕನ ಹಲ್ಲಿನ ಸೆಟ್ಟು

ಕಟ್ಟುಹಲ್ಲು ಮಾಡುವ ಕಸುಬಿನವನಾದ್ದರಿಂದ ಊರಿಗೆಲ್ಲ ಅವನು ಹಲ್ಲಪ್ಪ. ಹಗಲೆಲ್ಲ ಊರವರ ಹಲ್ಲು ಉಜ್ಜಿ ನಯ ಮಾಡುತ್ತಿದ್ದ ಈತ ಹನ್ನೊಂದು ವರ್ಷದಿಂದ ಷಡ್ಡಕನ ಮೇಲೆ ತನ್ನ ಹಲ್ಲು ಮಸೆಯುತ್ತಿದ್ದ.

ಕಾರಣವಿತ್ತು. ಹೆಂಡತಿಯ ಅಕ್ಕನ ಗಂಡನಾದ ಈ ಷಡ್ಡಕ ನೆಂಟರ ಮದುವೆಯೊಂದರಲ್ಲಿ, ನಾಲ್ಕು ಜನ ನಗಲಿ ಎಂದು, "ನಮ್ಮ ಹಲ್ಲಪ್ಪ ಸತ್ತವರ ಸೆಟ್ಟು ತೊಳೆದು ಬದುಕಿರೋರ ಬಾಯಿಗೆ ಇಡ್ತಾನೆ" ಎಂದುಬಿಟ್ಟಿದ್ದ. ಎಲುಬಿಲ್ಲದ ನಾಲಿಗೆ ಆಡಿದ್ದು ಒಂದೇ ಮಾತು; ಅದು ಊರು ಸುತ್ತಿ ಬರುವಷ್ಟರಲ್ಲಿ ಸತ್ತವರಿಗೆ ಹೆಸರೂ ಹುಟ್ಟಿತ್ತು. ಆರು ತಿಂಗಳು ಅಂಗಡಿಯ ಕುರ್ಚಿಯಲ್ಲಿ ಧೂಳು ಬಿಟ್ಟರೆ ಬೇರಾರೂ ಕೂರಲಿಲ್ಲ.

ಭಾನುವಾರದ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಹಲ್ಲಪ್ಪನಿಗೆ ತಪ್ಪದೆ ಕೆಮ್ಮು ಬರುತ್ತಿತ್ತು. ದೇವರಿಗೆ ಸುಳ್ಳು ಹೇಳುವ ಪೈಕಿಯಲ್ಲ ಅವನು. ಕೊನೆಗೆ ಹೆಂಡತಿಯೇ ಪಾದ್ರಿಗಳ ಕಿವಿಗೆ ಹಾಕಿದಳು. ಅವರು ಕರೆದು, "ದ್ವೇಷ ಬಿಟ್ಟುಬಿಡಪ್ಪ. ಕ್ಷಮಿಸಿದ್ದೀನಿ ಅಂತ ಒಂದ್ಸಲ ಬಾಯಿಬಿಟ್ಟು ಹೇಳು, ಹಗುರಾಗ್ತೀಯ" ಎಂದರು.

ಹೇಳಿದ. ಮರುವಾರ ಸಭೆಯ ಮುಂದೆ ಎದ್ದುನಿಂತು, ಷಡ್ಡಕ ಏನೆಂದ, ಎಲ್ಲಿ ಎಂದ, ಯಾರ್ಯಾರು ನಕ್ಕರು, ಎಲ್ಲವನ್ನೂ ಎಳೆಎಳೆಯಾಗಿ ಬಿಡಿಸಿ, "ಇಂಥವನನ್ನೂ ನಾನು ಕ್ಷಮಿಸಿದ್ದೇನೆ" ಎಂದು ಮುಗಿಸುವಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. ಷಡ್ಡಕ ತಲೆ ತಗ್ಗಿಸಿಕೊಂಡು ಹೊರನಡೆದ. ಮರೆತವರಿಗೂ ಸತ್ತವರ ಸೆಟ್ಟು ನೆನಪಾಯಿತು; ಅಳತೆ ಕೊಟ್ಟುಹೋಗಿದ್ದ ಇಬ್ಬರು ತಿರುಗಿ ಬರಲೇ ಇಲ್ಲ.

"ಭಾವನ್ನ ಕ್ಷಮಿಸಿದ್ರೋ, ಮಾನ ಕಳೆದ್ರೋ?" ಎಂದು ಹೆಂಡತಿ ಕೇಳಿದಳು.

"ಎರಡೂ ಒಟ್ಟಿಗೆ ಆಗಬಾರ್ದು ಅಂತ ಎಲ್ಲಿ ಬರೆದಿದೆ?"

ತಿಂಗಳೆರಡು ಕಳೆದಿರಬೇಕು. ಒಂದು ಬೆಳಿಗ್ಗೆ ಷಡ್ಡಕನೇ ಅಂಗಡಿ ಬಾಗಿಲಲ್ಲಿ ನಿಂತಿದ್ದ. ಹಲ್ಲೆಲ್ಲ ಕೀಳಿಸಿಕೊಂಡಿದ್ದರಿಂದ ಕೆನ್ನೆ ಒಳಕ್ಕೆ ಕುಸಿದಿತ್ತು. ಊರಲ್ಲಿ ಹಲ್ಲು ಕಟ್ಟುವವರು ಬೇರೆ ಯಾರೂ ಇರಲಿಲ್ಲ. ಹಲ್ಲಪ್ಪ ಕುರ್ಚಿ ತೋರಿಸಿದ. ತನ್ನ ಅನ್ನಕ್ಕೆ ಕಲ್ಲು ಹಾಕಿದ ಬಾಯೊಳಗೇ ಬೆರಳಿಟ್ಟು ಒಸಡಿನ ಅಚ್ಚು ತೆಗೆದ. ವೈರಿಯನ್ನು ಕೈಗೊಪ್ಪಿಸಿದ್ದಕ್ಕೆ ಕರ್ತನಿಗೆ ಒಳಗೊಳಗೇ ಸ್ತೋತ್ರವನ್ನೂ ಹೇಳಿದ. ಆಮೇಲೆ ಮೇಣದ ಮೇಲೆ, ಕುದುರೆಗೂ ನಾಚಿಕೆಯಾಗುವಂಥ ಮುಂಬಲ್ಲು ಜೋಡಿಸಿದ.

ವಾರದ ನಂತರ, ಅಳತೆ ನೋಡಲೆಂದು ಆ ಮೇಣದ ಸೆಟ್ಟನ್ನು ಷಡ್ಡಕನ ಬಾಯಿಗಿಟ್ಟು ಕನ್ನಡಿ ಕೊಟ್ಟ. ತುಟಿ ಮುಚ್ಚಲೇ ಇಲ್ಲ. ಷಡ್ಡಕ ಬಹಳ ಹೊತ್ತು ನೋಡಿಕೊಂಡ. ಈಗ ಬಯ್ಯುತ್ತಾನೆ ಎಂದು ಹಲ್ಲಪ್ಪ ಸೆಟೆದು ನಿಂತ. ಆದರೆ ಷಡ್ಡಕ ಸೆಟ್ಟನ್ನು ಮೆಲ್ಲಗೆ ತೆಗೆದು, "ಇರ್ಲಿ ಬಿಡಪ್ಪ. ನಾನಾಡಿದ ಮಾತಿಗೆ ಇದೇ ಫರಿ. ಫಮಿಫಿಬಿಡು" ಎಂದ. ಹಲ್ಲಿಲ್ಲದ ಬಾಯಲ್ಲಿ ಸಕಾರ, ಕ್ಷಕಾರವೆಲ್ಲ ಗಾಳಿಯಾಗಿ ಹೋಗಿತ್ತು.

"ಏನಂದ್ರಿ?"

"ಫಮಿಫು."

ಹನ್ನೊಂದು ವರ್ಷ ಕಾದ ಮಾತು. ಇನ್ನೊಮ್ಮೆ ಹೇಳಿಸಿ ಕೇಳಬೇಕೆನಿಸಿತು. ಅಷ್ಟರಲ್ಲಿ ಷಡ್ಡಕ ತಾನಾಗಿಯೇ ಮೂರನೇ ಸಲ ಅದೇ ಮಾತು ಹೇಳಲು ಒದ್ದಾಡುತ್ತಿದ್ದ. ನೋಡಿ ಹಲ್ಲಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸಭೆಯಲ್ಲಿ ಕ್ಷಮೆಯ ಹೆಸರಲ್ಲಿ ತಾನು ತೀರಿಸಿಕೊಂಡದ್ದು ಸೇಡು ಎಂದು ಆಗ ಹೊಳೆಯಿತು. ಸ್ವಾಮಿ, ನನ್ನ ಕೈಲಿ ಆಗಲ್ಲ, ನೀನೇ ಮಾಡಿಸು, ಎಂದುಕೊಂಡು ಸೆಟ್ಟನ್ನು ಉರಿಗೆ ಹಿಡಿದ. ಮೇಣ ಕರಗಿ ಹಲ್ಲೆಲ್ಲ ತಟ್ಟೆಗೆ ಉದುರಿದವು.

"ಸಾಕು ಅಣ್ಣ. ಇದನ್ನ ನಾನು ಬೇಕಂತಲೇ ಕೆಡಿಸಿದ್ದೆ. ನೀವೂ ನನ್ನ ಕ್ಷಮಿಸಿ."

"ಗೊತ್ತಿತ್ತು. ಬಿದ್ದಿರೋದು ಹಲ್ಲು, ಕಣ್ಣಲ್ಲ" ಎಂದ ಷಡ್ಡಕ. ಇಬ್ಬರೂ ನಕ್ಕರು.

ಎರಡನೇ ಸೆಟ್ಟು ಚೆನ್ನಾಗಿಯೇ ಕೂತಿತು. ಆದರೂ ಎಡಗಡೆ ಒತ್ತುತ್ತದೆ ಎಂದು ಷಡ್ಡಕ ವಾರಕ್ಕೆರಡು ಸಲ ಬಂದು, ತಾಸುಗಟ್ಟಲೆ ಕೂತು, ಕಸುಬಿನ ಬಗ್ಗೆ ಬುದ್ಧಿ ಹೇಳತೊಡಗಿದ. ಕೆಲವು ದಿನ ಹಲ್ಲಪ್ಪನಿಗೆ ಹಳೆಯ ಕೋಪ ಉಕ್ಕಿ ಬರುತ್ತದೆ. ಆಗ ನೀರು ತರುವ ನೆಪದಲ್ಲಿ ಹಿಂದಿನ ಕೋಣೆಗೆ ಹೋಗಿ, ಗೋಡೆಗೆ ಮುಖಮಾಡಿ ಒಂದು ಪ್ರಾರ್ಥನೆ ಹೇಳಿ, ಇಬ್ಬರಿಗೂ ಚಹಾ ಹಿಡಿದು ಬರುತ್ತಾನೆ.