ಲಲಿತಮ್ಮನವರ ಪರದೆಯ ಮೇಲಿನ ಬೆತ್ತದ ಬುಟ್ಟಿ

೨೦೦೪ನೇ ಇಸವಿ. ಆಗ ನನಗೆ ಮೂವತ್ತಾರು ವರ್ಷ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಚಾಮರಾಜಪೇಟೆಯಲ್ಲಿ ಒಂದೇ ಕೋಣೆಯ ಕಂಪ್ಯೂಟರ್ ಸರ್ವೀಸ್ ಅಂಗಡಿ ಇಟ್ಟುಕೊಂಡಿದ್ದೆ. ಹೆಂಗಸೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತರೆ "ಎಂಜಿನಿಯರ್ ಎಲ್ಲಮ್ಮಾ, ಬರಲಿಲ್ವಾ?" ಎಂದು ನನ್ನ ಬೆನ್ನ ಹಿಂದೆ ಹುಡುಕುತ್ತಿದ್ದ ಕಾಲ. ಅದಕ್ಕೋ ಏನೋ, ನನ್ನ ಕೆಲಸದ ಬಗ್ಗೆ ನನಗೆ ಕೊಂಚ ಜಾಸ್ತಿಯೇ ಜಂಬವಿತ್ತು. ಆ ಜಂಬ ಇಳಿದದ್ದು ಹೇಗೆ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯಿಂದ ಎರಡು ರಸ್ತೆ ಆಚೆ ಒಂದು ಹಳೆಯ ಹೆರಿಗೆ ಆಸ್ಪತ್ರೆ ಇತ್ತು. ಪೇಟೆಯ ವರ್ತಕರೆಲ್ಲ ಸೇರಿ ಕಟ್ಟಿಸಿದ ಧರ್ಮದ ಆಸ್ಪತ್ರೆ. ಅದರ ಟ್ರಸ್ಟಿನ ಕಾರ್ಯದರ್ಶಿ ವೀರಭದ್ರಪ್ಪನವರು ನಗರ್ತಪೇಟೆಯಲ್ಲಿ ನೂಲಿನ ಸಗಟು ವ್ಯಾಪಾರಿ. ಯಾರೋ ದಾನವಾಗಿ ಕೊಟ್ಟ ಮೂರು ಹಳೆಯ ಕಂಪ್ಯೂಟರುಗಳನ್ನು ಅವರು ನನ್ನ ಕೈಗೊಪ್ಪಿಸಿದರು. ಆಸ್ಪತ್ರೆ ಶುರುವಾದಾಗಿನ ಜನನ ರಿಜಿಸ್ಟರುಗಳು ಮಹಡಿಯ ರೆಕಾರ್ಡ್ ರೂಮಿನಲ್ಲಿದ್ದವು. ಹಾಳೆ ಮುಟ್ಟಿದರೆ ಪುಡಿ. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು ಎಂಬುದು ಅವರ ಆಸೆ.

ಏರಿಸಬೇಕಾದವರು ಲಲಿತಮ್ಮ. ಬಿನ್ನಿಪೇಟೆಯವರು. ಗಂಡ ಗಿರಣಿಯಲ್ಲಿದ್ದರಂತೆ, ಗಿರಣಿ ಮುಚ್ಚುವ ಮೊದಲೇ ಅವರು ತೀರಿಹೋದರು. ಇಪ್ಪತ್ತೆಂಟು ವರ್ಷಗಳಿಂದ ಆ ಆಫೀಸಿನ ಟೈಪಿಸ್ಟ್. ಇಂಗ್ಲಿಷ್ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸು, ಕೀಲಿಗಳ ಕಡೆ ಕಣ್ಣೇ ಹಾಯಿಸದೆ ಹೊಡೆಯುವವರು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಟೈಪ್‌ರೈಟರಿನ ಕೆಲಸ ನಿಂತುಹೋಗಿತ್ತು. "ಕಂಪ್ಯೂಟರ್ ಕಲಿತ್ರೆ ಇರಲಿ, ಇಲ್ದಿದ್ರೆ ಮನೇಲಿ ಆರಾಮಾಗಿರ್ಲಿ" ಎಂದು ಟ್ರಸ್ಟಿನ ಸಭೆಯಲ್ಲಿ ಮಾತಾಗಿತ್ತು. ಇದು ಲಲಿತಮ್ಮನವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ವಿಂಡೋಸ್ ಕೊಳ್ಳುವ ಶಕ್ತಿ ಟ್ರಸ್ಟಿಗಿರಲಿಲ್ಲ, ಕದ್ದ ಪ್ರತಿ ಹಾಕುವುದು ನನಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ಲಿನಕ್ಸ್ ಹಾಕಿದೆ. ಅದು ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ, ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್. ಲಲಿತಮ್ಮ ಮೊದಲ ದಿನ ಪರದೆ ನೋಡಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡುಬಿಟ್ಟರು.

"ನಾನು ಮುಟ್ಟಿ ಏನಾದ್ರೂ ಆದ್ರೆ ನಿನ್ನ ತಲೆಗೆ ಬರತ್ತೆ ಕಣಮ್ಮಾ ಪದ್ಮಾ. ಇದ್ಯಾವ್ದೂ ನನಗೆ ಗುರುತೇ ಸಿಗ್ತಿಲ್ಲ" ಎಂದರು.

ಗುರುತು ಸಿಗುವ ಹಾಗೆ ಮಾಡುತ್ತೇನೆ ಎಂದು ಹಟ ಹಿಡಿದೆ. ಲಿನಕ್ಸಿನಲ್ಲಿ ಥೀಮ್ ಎಂದರೆ ಪರದೆಯ ವೇಷಭೂಷಣ. ಹಿನ್ನೆಲೆ, ಬಣ್ಣ, ಅಕ್ಷರ, ಪ್ರತಿಯೊಂದು ವಸ್ತುವನ್ನು ತೋರಿಸುವ ಪುಟ್ಟ ಚಿತ್ರ, ಅಂದರೆ ಐಕಾನ್, ಎಲ್ಲವನ್ನೂ ಬದಲಾಯಿಸಬಹುದು. ಸ್ನೇಹಿತೆಯ ಡಿಜಿಟಲ್ ಕ್ಯಾಮೆರಾ ತಂದು ಲಲಿತಮ್ಮನವರ ಮೇಜಿನ ಫೋಟೋ ತೆಗೆದೆ. ಮರದ ಮೇಜಿನ ಹಲಗೆಯೇ ಪರದೆಯ ಹಿನ್ನೆಲೆಯಾಯಿತು. ಫೋಲ್ಡರಿನ ಹಳದಿ ಚಿತ್ರ ತೆಗೆದು ಕೆಂಪು ಬಟ್ಟೆ ಹೊದಿಸಿದ ರಿಜಿಸ್ಟರಿನ ಚಿತ್ರ ಹಾಕಿದೆ. ಮೇಜಿನ ಎಡಗಡೆ ಒಂದು ಬೆತ್ತದ ಬುಟ್ಟಿ ಇತ್ತು, ಅದರಲ್ಲಿ ನಾಲ್ಕೈದು ಕಾಗದ ಬಿದ್ದಿದ್ದವು. ಅಳಿಸಿದ ಕಡತಗಳು ಹೋಗಿ ಬೀಳುವ ಟ್ರ್ಯಾಶ್ ಅನ್ನುವ ಜಾಗಕ್ಕೆ ಆ ಬುಟ್ಟಿಯ ಚಿತ್ರ ಕೂರಿಸಿದೆ. ಚಿತ್ರಗಳ ಕೆಳಗಿನ ಕಂಪ್ಯೂಟರ್ ಪರಿಭಾಷೆಯ ಹೆಸರುಗಳು ಅವರನ್ನು ಹೆದರಿಸುತ್ತವೆ ಎಂದು ಅವನ್ನೂ ಮರೆಮಾಡಿದೆ. ಐದು ದಿನದ ಕೆಲಸ. ಡಿಸ್ಕು ಚಿಕ್ಕದು, ಕಸ ತುಂಬಿ ಯಂತ್ರ ನಿಂತೀತೆಂದು ಪ್ರತಿ ಶನಿವಾರ ಮಧ್ಯಾಹ್ನ ಟ್ರ್ಯಾಶ್ ತಾನಾಗಿ ಖಾಲಿಯಾಗುವ ಏರ್ಪಾಟನ್ನೂ ಮಾಡಿದೆ.

ಲಲಿತಮ್ಮ ಹೊಸ ಪರದೆ ನೋಡಿ ಚಿಕ್ಕ ಹುಡುಗಿಯ ಹಾಗೆ ನಕ್ಕರು. "ಅಯ್ಯೋ, ನನ್ನ ಮೇಜೇ!" ಎಂದರು. ಟೈಪ್ ಮಾಡುವುದು, ಸೇವ್ ಮಾಡುವುದು, ಮೌಸಿನಿಂದ ಹಿಡಿದು ಎಳೆಯುವುದು, ಮೂರನ್ನು ಹೇಳಿಕೊಟ್ಟೆ. ಮುಗಿದ ಪುಟಗಳನ್ನು ಕೆಂಪು ರಿಜಿಸ್ಟರಿಗೆ ಎಳೆದು ಹಾಕಿ ಎಂದದ್ದು ನನಗೆ ನೆನಪಿದೆ. ಬುಟ್ಟಿಯ ಬಗ್ಗೆ ಏನೂ ಹೇಳಲಿಲ್ಲ. ಬುಟ್ಟಿ ಯಾರಿಗೆ ಗೊತ್ತಿಲ್ಲ? ಬಸವನಗುಡಿಯಲ್ಲಿ ಭಾನುವಾರ ಸೇರುತ್ತಿದ್ದ ಲಿನಕ್ಸ್ ಗೆಳೆಯರ ಕೂಟದಲ್ಲಿ ಆ ಪರದೆಯನ್ನು ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನೆಲದಿಂದ ಎರಡು ಗೇಣು ಮೇಲೆ ನಡೆಯುತ್ತಿದ್ದೆ.

ನವೆಂಬರಿನಿಂದ ಲಲಿತಮ್ಮ ದಿನಕ್ಕೆ ಆರೇಳು ಪುಟದಂತೆ ಕೆಲಸ ಶುರುಮಾಡಿದರು. ಶನಿವಾರ ಬೆಳಿಗ್ಗೆ ನಾನು ಹೋಗಿ ಫ್ಯಾನಿನ ಧೂಳು ಒರೆಸಿ, "ಹೇಗಿದೆ ಅಮ್ಮಾ?" ಎಂದು ಕೇಳಿ, ಅವರು ಕೊಟ್ಟ ಕಾಫಿ ಕುಡಿದು ಬರುತ್ತಿದ್ದೆ. "ಚೆನ್ನಾಗಿ ಹೋಗ್ತಿದೆ" ಎನ್ನುತ್ತಿದ್ದರು. ರಿಜಿಸ್ಟರ್ ತೆರೆದು ನೋಡಬೇಕೆಂದು ನನಗೆ ಒಂದು ಶನಿವಾರವೂ ಅನ್ನಿಸಲಿಲ್ಲ.

ಮಾರ್ಚ್ ಮೊದಲ ವಾರ, ಗುರುವಾರ. ಟ್ರಸ್ಟಿಗಳು ಕೆಲಸ ನೋಡಲು ಬಂದರು. ವೀರಭದ್ರಪ್ಪನವರು ನನ್ನನ್ನೂ ಕರೆಸಿದ್ದರು. ಲಲಿತಮ್ಮ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಕುರ್ಚಿಯ ಪಕ್ಕ ನಿಂತಿದ್ದರು. ನಾನೇ ಕೂತು ಕೆಂಪು ರಿಜಿಸ್ಟರಿನ ಮೇಲೆ ಕ್ಲಿಕ್ ಮಾಡಿದೆ.

ಒಳಗೆ ಏನೂ ಇರಲಿಲ್ಲ.

ಇನ್ನೊಮ್ಮೆ ಕ್ಲಿಕ್ ಮಾಡಿದೆ. ಡಿಸ್ಕಿನ ಮೂಲೆ ಮೂಲೆ ಹುಡುಕಿದೆ. ಟ್ರ್ಯಾಶನ್ನೂ ನೋಡಿದೆ. ಆ ವಾರದ ಇಪ್ಪತ್ತು ಪುಟಗಳಾದರೂ ಅಲ್ಲಿ ಕಾಣಬೇಕಿತ್ತು, ಆದರೆ ಹಿಂದಿನ ದಿನ ಆ ಯಂತ್ರದ ಡಿಸ್ಕಿನಲ್ಲಿ ಜಾಗ ಸಾಲದೆಂದು ರಿಸೆಪ್ಷನ್ನಿನವರು ಫೋನ್ ಮಾಡಿದ್ದಕ್ಕೆ ನಾನೇ ಬಂದು, ಒಳಗೆ ಕಣ್ಣು ಹಾಯಿಸದೆ, ಕಸವನ್ನೆಲ್ಲ ಖಾಲಿ ಮಾಡಿ ಹೋಗಿದ್ದೆ. ನಾಲ್ಕು ತಿಂಗಳ ಕೆಲಸದ ಒಂದೇ ಒಂದು ಪುಟ ಸಿಗಲಿಲ್ಲ.

"ನಾಕು ತಿಂಗಳಿಂದ ಟಕಟಕ ಅಂತ ಸದ್ದು ಕೇಳ್ತಾನೇ ಇತ್ತಲ್ಲಮ್ಮಾ. ಏನು ಟೈಪ್ ಮಾಡ್ತಿದ್ರಿ?" ವೀರಭದ್ರಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ವಾಸಿಯಾಗಿತ್ತು.

"ಎಲ್ಲಾ ಮಾಡಿದೀನಿ ಸಾರ್. ದಿನಾ ಮಾಡಿದೀನಿ." ಲಲಿತಮ್ಮ ಹೇಳಿದರು. "ಮೇಲೆ ರೆಕಾರ್ಡ್ ರೂಮಿಗೆ ಹೋಗಿರತ್ತೆ."

"ಕಂಪ್ಯೂಟರಿಂದ ರೆಕಾರ್ಡ್ ರೂಮಿಗಾ? ಮೆಟ್ಲು ಹತ್ಕೊಂಡು ಹೋಯ್ತಾ?" ಎಂದು ಒಬ್ಬ ಟ್ರಸ್ಟಿ ನಕ್ಕರು.

ವೀರಭದ್ರಪ್ಪನವರು ನನ್ನ ಕಡೆ ತಿರುಗಿದರು. "ನೀವು ಹೇಳಿ ಮೇಡಂ. ಮೆಷಿನ್ನಲ್ಲೇನಾದ್ರೂ ದೋಷ ಇದೆಯಾ?"

ಲಲಿತಮ್ಮ ನನ್ನನ್ನೇ ನೋಡುತ್ತಿದ್ದರು. ನಾನು ಎರಡು ಕ್ಷಣ ಯೋಚಿಸಿದೆ. ಎರಡೇ ಕ್ಷಣ. "ಇಲ್ಲ ಸಾರ್. ಮೆಷಿನ್ ಸರಿಯಾಗಿದೆ" ಎಂದೆ.

ಸುಳ್ಳು ಹೇಳುತ್ತಿದ್ದೇನೆಂದು ಆಗ ನನಗೆ ಅನ್ನಿಸಿರಲಿಲ್ಲ. ಪಾಪ, ಸೇವ್ ಮಾಡಲು ಬಂದಿಲ್ಲ, ಹೇಳಲು ನಾಚಿಕೆಯಾಗಿ ಸುಮ್ಮನೆ ಕೀಲಿ ಕುಟ್ಟುತ್ತ ಕೂತಿದ್ದಾರೆ ಎಂದೇ ನಂಬಿದೆ. ಕೆಲಸಕ್ಕೆ ಸೋಮವಾರದಿಂದ ಬರುವುದು ಬೇಡ ಎಂದರು ಕಾರ್ಯದರ್ಶಿ. ಲಲಿತಮ್ಮ ಕನ್ನಡಕದ ಡಬ್ಬಿ, ಊಟದ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅಂದೇ ಹೊರಟುಹೋದರು.

ಮರುದಿನ ಬೆಳಿಗ್ಗೆ ಆ ಕಂಪ್ಯೂಟರನ್ನು ಇನ್ನೊಬ್ಬರಿಗೆ ಅಣಿಮಾಡಿಕೊಡಲು ಹೋದೆ. ಇನ್ನೇನು ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ಲಿನಕ್ಸ್ ಹಾಕಬೇಕು, ಸಿಡಿ ಕೈಯಲ್ಲಿತ್ತು. ಆಗ ಅಟೆಂಡರ್ ಮುನಿಯಪ್ಪ ಬಂದ. ನನ್ನಪ್ಪನ ವಯಸ್ಸಿನವನು. ಮೇಜಿನ ಎಡಗಡೆಯ ಬೆತ್ತದ ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮಹಡಿ ಮೆಟ್ಟಿಲ ಕಡೆ ಹೊರಟ.

"ಕಸ ಮೇಲಕ್ಯಾಕೆ ತಗೊಂಡು ಹೋಗ್ತಿದೀರಾ?" ಎಂದು ಕೇಳಿದೆ.

"ಕಸ ಅಲ್ಲಮ್ಮಾ! ಮುಗಿದಿರೋ ಕಾಗದ." ಮುನಿಯಪ್ಪನಿಗೆ ನನ್ನ ಮಾತು ಬೈಗುಳದ ಹಾಗೆ ಕೇಳಿಸಿತ್ತು. "ಎಲ್ರೂ ಮುಗಿಸಿದ್ದನ್ನ ಈ ಬುಟ್ಟಿಗೆ ಹಾಕ್ತಾರೆ. ನಾನು ದಿನಾ ರೆಕಾರ್ಡ್ ರೂಮಲ್ಲಿ ಇಟ್ಟು, ಖಾಲಿ ಬುಟ್ಟಿ ತಂದಿಡ್ತೀನಿ. ನಿನ್ನೆ ಗಲಾಟೇಲಿ ಉಳ್ಕೊಂಡ್ಬಿಡ್ತು."

"ಹಾಗಾದ್ರೆ ಕಸದ ಬುಟ್ಟಿ ಎಲ್ಲಿ?"

"ಈ ಆಫೀಸಲ್ಲಿ ಕಸದ ಬುಟ್ಟಿ ಎಲ್ಲಿದೆ? ಮೊದಲಿದ್ದ ದೊಡ್ಡ ಡಾಕ್ಟ್ರ ಕಾಲದಿಂದ್ಲೂ ಇಲ್ಲ. ಹಿಂದ್ಗಡೆ ಖಾಲಿ ಇರೋ ಹಾಳೆ ಎಲ್ಲಾ ಕತ್ರಿಸಿ ಮಾತ್ರೆ ಪೊಟ್ಟಣ ಕಟ್ತಾರೆ."

ಇಪ್ಪತ್ತೆಂಟು ವರ್ಷ ಲಲಿತಮ್ಮ ಮುಗಿಸಿದ ಕಾಗದವನ್ನು ಈ ಬುಟ್ಟಿಗೇ ಹಾಕಿದ್ದಾರೆ. ಪರದೆಯ ಮೇಲೂ ಅದೇ ಬುಟ್ಟಿ, ಅದೇ ಎಡಗಡೆ. ರಿಜಿಸ್ಟರಿಗೆ ಎಳೆದು ಹಾಕಿ ಎಂದು ನಾನು ಒಂದು ಸಲ ಹೇಳಿದ್ದು, ಇಪ್ಪತ್ತೆಂಟು ವರ್ಷದ ಕೈರೂಢಿಯ ಮುಂದೆ ಎಲ್ಲಿ ನಿಲ್ಲುತ್ತದೆ? ಸೋಮವಾರ ಬಂದು ನೋಡಿದರೆ ಬುಟ್ಟಿ ಖಾಲಿ. ಖಾಲಿಯಾಗಿರಲೇಬೇಕಲ್ಲ! ಮೇಲಕ್ಕೆ ಹೋಗಿದೆ ಎಂದರ್ಥ. ಅವರು ಒಂದು ಅಕ್ಷರವೂ ಸುಳ್ಳು ಹೇಳಿರಲಿಲ್ಲ. ವಾರವಾರವೂ ಆ ಕೆಲಸವನ್ನು ಅಳಿಸುತ್ತ ಬಂದವಳು ನಾನು. ಇನ್ನು ಹತ್ತು ನಿಮಿಷ ಮುನಿಯಪ್ಪ ತಡಮಾಡಿದ್ದರೆ ಉಳಿದದ್ದನ್ನೂ ಒರೆಸಿಬಿಡುತ್ತಿದ್ದೆ.

ಸಿಡಿ ಕೆಳಗಿಟ್ಟು ಗೋಡೆಯಿಂದ ಪ್ಲಗ್ ಕಿತ್ತೆ. ಇದನ್ನು ಸ್ವಲ್ಪ ವಿವರಿಸಬೇಕು. ಕಡತವನ್ನು ಅಳಿಸಿದಾಗ ಕಂಪ್ಯೂಟರು ಅದು ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಅಳಿಸುತ್ತದೆ. ಬರಹ ಡಿಸ್ಕಿನಲ್ಲೇ ಇರುತ್ತದೆ, ಅದರ ಮೇಲೆ ಬೇರೆಯದು ಬಂದು ಕೂರುವವರೆಗೆ. ಯಂತ್ರ ಚಾಲೂ ಇದ್ದಷ್ಟೂ ಏನಾದರೊಂದು ಬಂದು ಕೂರುತ್ತಲೇ ಇರುತ್ತದೆ. ಡಿಸ್ಕನ್ನು ಬಿಚ್ಚಿ, ಅಂಗಡಿಗೆ ತಂದು, ಅದರ ಒಂದು ನಕಲು ತೆಗೆದು, ವಿಳಾಸವಿಲ್ಲದ ಆ ಬರಹದ ರಾಶಿಯಲ್ಲಿ ಹುಡುಕಲು ಕೂತೆ. ಏನೆಂದು ಹುಡುಕುವುದು? ಲಲಿತಮ್ಮ ಹಳೆಯ ಕಾಲದ ಟೈಪಿಸ್ಟ್. ಪ್ರತಿ ಪುಟದ ಕೆಳಗೆ ಎಡಮೂಲೆಯಲ್ಲಿ ಟೈಪ್ ಮಾಡಿದವರ ಇನಿಷಿಯಲ್ಲು, ತಾರೀಕು ಹೊಡೆಯುವುದು ಅವರ ಕಾಲದ ಶಿಸ್ತು. ಅವರ ಇನಿಷಿಯಲ್ಲುಗಳನ್ನೇ ಕೊಟ್ಟು ಹುಡುಕಿದೆ.

ಪರದೆಯ ಮೇಲೆ ಸಾಲುಗಳು ಬರತೊಡಗಿದವು. ತಾಯಿಯ ಹೆಸರು, ಮಗುವಿನ ತೂಕ, ಹುಟ್ಟಿದ ಗಳಿಗೆ. ನವೆಂಬರ್, ಡಿಸೆಂಬರ್, ಜನವರಿ. ಒಂದು ಕೆಲಸದ ದಿನವೂ ತಪ್ಪಿರಲಿಲ್ಲ. ನಾನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅತ್ತೆ.

ಆರು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಐನೂರ ನಲವತ್ತು ಪುಟ ಸಿಕ್ಕವು. ಎಪ್ಪತ್ತಕ್ಕೂ ಹೆಚ್ಚು ಪುಟ ಶಾಶ್ವತವಾಗಿ ಹೋದವು. ಸಿಕ್ಕಿದ್ದನ್ನೆಲ್ಲ ಪ್ರಿಂಟ್ ಹಾಕಿ ನಗರ್ತಪೇಟೆಗೆ ಹೋಗಿ, ನೂಲಿನ ಮೂಟೆಗಳ ನಡುವೆ ಕೂತಿದ್ದ ವೀರಭದ್ರಪ್ಪನವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. "ತಪ್ಪು ನಂದು ಸಾರ್. ಲಲಿತಮ್ಮಂದಲ್ಲ."

ಅವರು ಬಹಳ ಹೊತ್ತು ಪುಟ ತಿರುವಿದರು. "ಆ ಬುಟ್ಟಿ ನಾನೂ ಮೂವತ್ತು ವರ್ಷದಿಂದ ನೋಡಿದೀನಲ್ರೀ" ಎಂದರು ಕೊನೆಗೆ. "ನನಗೂ ಹೊಳೀಲಿಲ್ಲ. ಛೆ, ಎಂಥಾ ಮಾತಾಡ್ಬಿಟ್ವಿ. ಹೋಗಿ ಕರ್ಕೊಂಡು ಬನ್ನಿ. ಇಲ್ಲ, ಬೇಡ, ನಾನೂ ಬರ್ತೀನಿ."

ಬಿನ್ನಿಪೇಟೆಯ ಆ ಓಣಿಗೆ ಇಬ್ಬರೂ ಹೋದೆವು. ಕಾರ್ಯದರ್ಶಿಗಳು ಹೊಸ್ತಿಲ ಹೊರಗೇ ನಿಂತು ಕೈ ಮುಗಿದರು, "ದುಡುಕಿಬಿಟ್ಟೆ ತಾಯಿ" ಎಂದರು. ಲಲಿತಮ್ಮ ಅವರನ್ನು ಒಳಗೆ ಕರೆದು, ಕೂರಿಸಿ, ನೀರು ಕೊಟ್ಟರು. ಅವರ ಮೇಲೆ ಕೋಪವೇ ಇದ್ದಂತೆ ಕಾಣಲಿಲ್ಲ. ಪ್ರಿಂಟಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿನ ಪುಟ ಓದಿ, "ನಂದೇ" ಎಂದರು. ಆಮೇಲೆ ನನ್ನ ಕಡೆ ನೋಡಿದರು.

"ಅವ್ರಿಗೆ ಕಂಪ್ಯೂಟರ್ ಗೊತ್ತಿಲ್ಲ, ಬಿಡು. ನಿಂಗೆ ಗೊತ್ತಿತ್ತು. ನನ್ನ ಕೈಲಿ ಪ್ರತಿ ಶನಿವಾರ ಕಾಫಿ ಕುಡೀತಿದ್ದೆ. ಮೆಷಿನ್ ಸರಿಯಾಗಿದೆ ಅಂದ್ಯಲ್ಲಮ್ಮಾ?"

ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ.

ಸೋಮವಾರ ಅವರು ಕೆಲಸಕ್ಕೆ ಬಂದರು. ಪರದೆಯಲ್ಲಿ ಅವರ ಬುಟ್ಟಿಯನ್ನು ತೆಗೆಯಲಿಲ್ಲ. ಅದಕ್ಕೆ ಹಾಕಿದ್ದೆಲ್ಲ ಕೆಂಪು ರಿಜಿಸ್ಟರಿಗೆ ಹೋಗಿ ಸೇರುವ ಹಾಗೆ, ಇನ್ನೊಂದು ಯಂತ್ರದಲ್ಲಿ ಅದರ ಪ್ರತಿ ಉಳಿಯುವ ಹಾಗೆ ಬದಲಾಯಿಸಿದೆ. ಮುಂದೆ ಇಪ್ಪತ್ತು ವರ್ಷ ಎಷ್ಟೋ ಆಫೀಸುಗಳಿಗೆ ಕಂಪ್ಯೂಟರ್ ಹಾಕಿಕೊಟ್ಟೆ. ಯಾರ ಪರದೆಗೆ ಕೈ ಹಚ್ಚುವ ಮೊದಲೂ ಒಂದು ಇಡೀ ದಿನ ಅವರ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅವರ ಕೈ ಯಾವುದನ್ನು ಎಲ್ಲಿಡುತ್ತದೆಂದು ನೋಡುತ್ತಿದ್ದೆ. ಏನಾದರೂ ಕಳೆದುಹೋದರೆ ಮೊದಲು ಯಂತ್ರವನ್ನು, ಆಮೇಲೆ ನನ್ನನ್ನು ಅನುಮಾನಿಸುತ್ತಿದ್ದೆ. ಎದುರಿಗಿರುವ ಮನುಷ್ಯರ ಸರದಿ ಕಟ್ಟಕಡೆಗೆ. ನನ್ನ ವೃತ್ತಿ ಕಲಿಸಿದ ಪಾಠ ಇಷ್ಟೇ, ಆದರೆ ಅದನ್ನು ಕಲಿಸಿದವರು ಲಲಿತಮ್ಮ.

ಕೆಲಸಕ್ಕೆ ಮರಳಿದ ಮೊದಲ ಶನಿವಾರ ಅವರು ಎಂದಿನಂತೆ ಕಾಫಿ ಕೊಟ್ಟರು. ಕುಡಿದ ಮೇಲೆ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಆ ವಾರದ ಪುಟಗಳ ಪಟ್ಟಿ, ಅದರ ಕೆಳಗೆ "ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ" ಎಂಬ ಒಕ್ಕಣೆ. ನಾನು ಒಂದೊಂದು ಪುಟವನ್ನೂ ತೆರೆದು ನೋಡಿ ಸಹಿ ಹಾಕಿದೆ. ಆಮೇಲೆ ಅವರ ನಿವೃತ್ತಿಯವರೆಗೆ ಒಂದು ಶನಿವಾರವೂ ಇದು ತಪ್ಪಲಿಲ್ಲ. ನಾವು ಮತ್ತೆ ನಗುತ್ತ ಮಾತಾಡುವಂತಾದೆವು, ನನ್ನ ತಂಗಿಯ ಮದುವೆಗೂ ಬಂದು ಹರಸಿ ಹೋದರು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಎಲ್ಲರಿಗೂ ಮೈಸೂರುಪಾಕು ಹಂಚಿ, ನನ್ನ ಕೆನ್ನೆ ಸವರಿ, ಇನ್ನೇನು ಹೊರಡಬೇಕು ಎನ್ನುವಾಗ ನೋಟ್‌ಬುಕ್ ತೆಗೆದು ಅಂದಿನ ನಾಲ್ಕು ಪುಟಕ್ಕೂ ನನ್ನ ಸಹಿ ಹಾಕಿಸಿಕೊಂಡೇ ಹೋದರು.