ಕತ್ತೆ ಹಿರಿದ ವೀರ

ಅಚ್ಚಿನಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ, ಎಲ್ಲರೂ ‘ಅಣ್ಣ’ ಎಂದೇ ಕರೆಯುವವನಿಂದ ಮೂವತ್ತು ವರ್ಷಗಳ ಹಿಂದೆ ಒಂದು ತಪ್ಪಾಗಿತ್ತು. ವಾರಪತ್ರಿಕೆಯ ಧಾರಾವಾಹಿಯಲ್ಲಿ ‘ವೀರನು ಕತ್ತಿ ಹಿರಿದು ಮಾಂತ್ರಿಕನ ಮೇಲೆರಗಿದನು’ ಎಂಬಲ್ಲಿ ಅವನು ‘ಕತ್ತೆ ಹಿರಿದು’ ಎಂದು ಜೋಡಿಸಿಬಿಟ್ಟ. ಓದುಗರು ಬಿದ್ದು ಬಿದ್ದು ನಕ್ಕರು. ಕತ್ತೆಯೇ ಮುಂದುವರಿಯಲಿ ಎಂದರು ಸಂಪಾದಕರು. ಕಥೆ ಬರೆಯುತ್ತಿದ್ದ ಮೇಷ್ಟ್ರು ಸಾಯುವವರೆಗೂ ಕತ್ತೆ ಬೀಸುವ ವೀರನನ್ನೇ ಬರೆಯಬೇಕಾಯಿತು.

“ನನ್ನ ವೀರನ ಮಾನ ಕಳೆದೆಯಲ್ಲಯ್ಯಾ!” ಎಂದು ಮೇಷ್ಟ್ರು ಪ್ರತಿ ವಾರ ಬಂದು ಅಣ್ಣನನ್ನು ಬಯ್ಯುತ್ತಿದ್ದರು. ಒಮ್ಮೆಯೂ ನಗಲಿಲ್ಲ.

ಈಗ ಅವರ ಕೊನೆಯ ಕಂತು ಅಣ್ಣನ ಕೈಯಲ್ಲಿತ್ತು. “ಇದೊಂದ್ಸಲ ಕತ್ತಿನೇ ಹಾಕ್ಬಿಡಿ ಅಣ್ಣ, ಅವರ ಜೀವಕ್ಕೆ ಸಮಾಧಾನ ಆಗ್ಲಿ,” ಎಂದು ಮೇಷ್ಟ್ರ ಹೆಂಡತಿ ಕೇಳಿಕೊಂಡಿದ್ದರು.

ಅವನು ಒಂದೊಂದು ಮೊಳೆಯನ್ನೂ ಕಣ್ಣಿಗೆ ಹಿಡಿದು ನೋಡಿ ‘ಕತ್ತಿ’ ಎಂದು ಜೋಡಿಸಿದ. ಕರಡಚ್ಚು ತೆಗೆದರೆ ‘ಕತ್ತೆ’. ಬಿಚ್ಚಿ ಮತ್ತೆ ಜೋಡಿಸಿದ; ಮತ್ತೆ ಕತ್ತೆ. ಕೊನೆಗೆ ‘ತೆ’ ಮೊಳೆಗಳನ್ನೆಲ್ಲ ಬಾಚಿ ಅಂಗಳದಲ್ಲಿಟ್ಟು ಬಂದ. ಆದರೂ ಕರಡಿನಲ್ಲಿ ಕತ್ತೆಯೇ ನಿಂತಿತ್ತು.

ಅಣ್ಣ ಕರಡನ್ನು ಕೆಳಗಿಟ್ಟ. “ಮೇಷ್ಟ್ರೇ, ನಿಮಗೂ ಕತ್ತೆನೇ ಬೇಕಾ?” ಎಂದ.

ಮೊಳೆಪೆಟ್ಟಿಗೆಗಳ ಹಿಂದೆ ಯಾರೋ ಗಟ್ಟಿಯಾಗಿ ನಕ್ಕರು. ಮೂವತ್ತು ವರ್ಷ ಅವನು ಕಾದಿದ್ದ ನಗು ಅದು. ಅಣ್ಣ ಅಂಗಳಕ್ಕೆ ಹೋಗಿ ‘ತೆ’ ಮೊಳೆಗಳನ್ನು ಒಳಗೆ ತಂದ.